ನಳದ ಸಂಧಿಪ್ರಕರಣ

ಇಂಡಿಯ ಸೀಮೆಯಲ್ಲಿ ಒಂದು ಲಿಂಬೆಯ ತೋಟ. ವೈಶಾಖದ ಬೆಳಗು. ಇರುಳೆಲ್ಲ ಕಾಯಿಸಿದ ವಿದ್ಯುತ್ತು ಈಗಷ್ಟೇ ಬಂದಿದೆ. ತೋಟದ ಯಜಮಾನರು ಮೋಟರಿನ ಗುಂಡಿಯನ್ನೊತ್ತಿ ಕೊಳವೆಯ ಬಾಯನ್ನೇ ನೋಡುತ್ತ ನಿಂತಿದ್ದಾರೆ. ಮೊದಲು ಒಂದಿಷ್ಟು ಗಾಳಿ ಉಸ್ಸೆಂದಿತು. ಕೊಳವೆ ಎರಡು ಸಲ ಕೆಮ್ಮಿತು. ಎಷ್ಟೋ ಹೊತ್ತಿನ ಮೇಲೆ ನೀರು ಬಂದಿತು. ಆದರೆ ಹೋದ ವರ್ಷ ಕೊಳವೆ ತುಂಬಿ ಬೀಳುತ್ತಿದ್ದ ನೀರು ಈಗ ಅರ್ಧಕ್ಕೆ ಇಳಿದಿದೆ.

“ಬೋರು ಬತ್ತಿತೇನಪಾ ಮಿಸ್ತ್ರಿ?” ಎಂದರು ಯಜಮಾನರು. ದನಿಯಲ್ಲಿ ಧೈರ್ಯವಿರಲಿಲ್ಲ. ಲಿಂಬೆಯ ಗಿಡ ಒಂದು ವರ್ಷದ ಬೆಳೆಯಲ್ಲ. ಅದನ್ನು ನೆಟ್ಟವನು ಫಲಕ್ಕಾಗಿ ವರ್ಷಗಟ್ಟಲೆ ಕಾಯಬೇಕು. ಒಂದೇ ಬೇಸಿಗೆ ನೀರು ತಪ್ಪಿದರೆ ಕಾದ ವರ್ಷಗಳೆಲ್ಲ ಒಣಗಿಹೋಗುತ್ತವೆ.

ಮಿಸ್ತ್ರಿ ಕೂಡಲೇ ಉತ್ತರ ಕೊಡಲಿಲ್ಲ. ಮೋಟರನ್ನು ನಿಲ್ಲಿಸಿ ಕೊಳವೆಬಾವಿಯ ಬಾಯಿಗೆ ಕಿವಿಗೊಟ್ಟು ಕುಳಿತ. ಆಳದಿಂದ ಸಣ್ಣ ಮಳೆ ಹಿಡಿದಂಥ ಸಪ್ಪಳ ಕೇಳಿಬರುತ್ತಿತ್ತು.

“ನೀರ ಬತ್ತಿಲ್ಲರಿ ಗೌಡ್ರ. ಕೆಳಗ ಯಾವದೋ ಜಾಯಿಂಟ್ ಸೋರಾಕತ್ತೈತಿ. ಮ್ಯಾಲ ಬರೂ ನೀರು ಹಾದ್ಯಾಗ ಹೊಳ್ಳಿ ಬಾವ್ಯಾಗ ಬೀಳ್ತೈತಿ.”

“ಹಂಗಾರ ಪೈಪ ಎತ್ತಿ ಇನ್ನಷ್ಟು ಬಿಗಿ ಮಾಡು.”

“ಹೋದ ಸಲ ಅತಿ ಬಿಗಿ ಮಾಡಿದ್ದಕ್ಕ ಸೋರಾಕತ್ತಿರಬೇಕ್ರಿ,” ಎಂದ ಮಿಸ್ತ್ರಿ.

ಇದು ಯಾರೊಬ್ಬರ ಮನೆಯ ಕಥೆಯೂ ಅಲ್ಲ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ನಾಲ್ಕು ಸೀಮೆಗಳಲ್ಲಿ ಬೇಸಿಗೆ ಬಂತೆಂದರೆ ಎಲ್ಲಿಯಾದರೂ ಒಂದು ಕಡೆ ಈ ಮಾತು ನಡೆದೇ ತೀರುವುದು. ಉತ್ತರಕ್ಕೆ ಭೀಮೆ, ದಕ್ಷಿಣಕ್ಕೆ ಕೃಷ್ಣೆ, ನಡುವೆ ಡೋಣಿ; ಹೊಳೆಗಳಿಗೆ ಕೊರತೆಯಿಲ್ಲ. ಆದರೂ ಹೊಲದ ನೀರು ಬಹುಮಟ್ಟಿಗೆ ಆಳದ ಕಪ್ಪು ಬಂಡೆಯಿಂದ ಮೇಲೇರಿ ಬರಬೇಕು. ಇಲ್ಲವೆ ಹರದಾರಿಗಟ್ಟಲೆ ದೂರದಿಂದ ಕೊಳವೆಯೊಳಗೆ ಪ್ರಯಾಣ ಮಾಡಿ ಬರಬೇಕು. ಅಂಥ ನಾಡಿನಲ್ಲಿ ನೀರಿನ ಭಾಗ್ಯವೆಲ್ಲ ಕೊಳವೆಗೂ ಕೊಳವೆಗೂ ನಡುವಣ ಸಂಧಿಯಲ್ಲಿದೆ. ಹಾಗಾದರೆ ಬಿಗಿ ಮಾಡಿದರೆ ನಿಲ್ಲಬೇಕಾದ ಸೋರಿಕೆ ಬಿಗಿ ಮಾಡಿದ್ದರಿಂದಲೇ ಹುಟ್ಟೀತೆ? ಮಿಸ್ತ್ರಿಯ ಮಾತಿನಲ್ಲಿ ಹುರುಳುಂಟೆ? ಉಂಟು. ಅದನ್ನು ತಿಳಿಯುವುದಕ್ಕೆ ತೋಟಕ್ಕಿಂತ ಮೊದಲು ಅಡಿಗೆಮನೆಗೆ ಹೋಗಬೇಕು.

* * *

ಒತ್ತಡದ ಕುಕ್ಕರು ಇಂದು ಯಾವ ಮನೆಯಲ್ಲಿಲ್ಲ? ಅದರ ಅಂಚಿನಲ್ಲಿ ಉಗಿ ಸೋರತೊಡಗಿದರೆ ಗೃಹಿಣಿಯು ಮುಚ್ಚಳವನ್ನು ಇನ್ನಷ್ಟು ಬಲವಾಗಿ ತಿರುವುತ್ತ ಕೂಡುವುದಿಲ್ಲ. ರಬ್ಬರಿನ ಉಂಗುರವನ್ನು ತೆಗೆದು ನೋಡುತ್ತಾಳೆ. ಅದು ಗಟ್ಟಿಯಾಗಿದ್ದರೆ ಹೊಸದನ್ನು ತರಿಸುತ್ತಾಳೆ. ಈ ಸಹಜವಾದ ತಿಳಿವಳಿಕೆಯಲ್ಲಿಯೇ ಈ ವಿದ್ಯೆಯ ಮೂಲತತ್ತ್ವವೆಲ್ಲ ಅಡಗಿದೆ. ಮುಚ್ಚಳವನ್ನು ಹಾರಿಹೋಗದಂತೆ ಹಿಡಿಯುವ ಕೆಲಸ ಲೋಹದ ಅಂಚಿನದು. ಉಗಿಯನ್ನು ತಡೆಯುವ ಕೆಲಸ ರಬ್ಬರಿನದು. ಹಿಡಿಯುವುದು ಬೇರೆ, ತಡೆಯುವುದು ಬೇರೆ.

ಮನೆಯ ನಳದಲ್ಲಿ ಸಾಮಾನ್ಯವಾಗಿ ಕಾಣುವ ತಿರುಪಿನ ಸಂಧಿಯಾದರೋ ಈ ಎರಡು ಹೊರೆಗಳನ್ನೂ ಒಂದೇ ಹೆಗಲಿನ ಮೇಲೆ ಹೊತ್ತಿದೆ. ಕೊಳವೆಯ ತುದಿಯಲ್ಲಿ ಹೊರಮೈಗೆ ಸುರುಳಿಯಾಗಿ ಗೆರೆ ಕೊರೆದಿರುತ್ತಾರೆ. ಮಿಸ್ತ್ರಿಗಳು ಅದಕ್ಕೆ ಥ್ರೆಡ್ಡು ಎನ್ನುವರು. ಅದಕ್ಕೆ ಹೊಂದುವ ಗೆರೆ ಸಾಕೆಟ್ಟಿನ ಒಳಮೈಯಲ್ಲಿರುತ್ತದೆ. ಒಂದರೊಳಗೆ ಒಂದನ್ನು ತಿರುವಿದರೆ ಎರಡೂ ಕೂಡಿಕೊಂಡವು; ಇನ್ನು ನೀರು ಎಲ್ಲಿಂದ ಹೊರಬಂದೀತು ಎಂದು ನೋಡಿದವರಿಗೆ ಅನಿಸುತ್ತದೆ.

ನೀರಿಗೆ ಅಲ್ಲಿ ದಾರಿಯುಂಟು. ಆ ದಾರಿಯನ್ನು ತಿರುಪೇ ಮಾಡಿಕೊಟ್ಟಿದೆ. ಹೊರಗೆರೆಯ ಏಣು ಒಳಗೆರೆಯ ತಗ್ಗಿನೊಳಗೆ ಕುಳಿತಾಗ ಎರಡರ ಓರೆಗಳು ಒಂದಕ್ಕೊಂದು ಒತ್ತಿಕೊಳ್ಳುವುವು ನಿಜ. ಆದರೆ ಎಷ್ಟೇ ನಯವಾಗಿ ಕೊರೆದರೂ ಏಣಿನ ತುದಿಗೂ ತಗ್ಗಿನ ತಳಕ್ಕೂ ನಡುವೆ ಕೂದಲೆಳೆಯಷ್ಟು ಸಂದು ಉಳಿಯುವುದನ್ನು ತಪ್ಪಿಸುವುದು ದುಸ್ಸಾಧ್ಯ. ಆ ಸಂದು ತಿರುಪಿನೊಡನೆ ತಾನೂ ಸುತ್ತಿ ಸುತ್ತಿ ಹೊರಗಿನವರೆಗೆ ಬರುತ್ತದೆ. ಮನೆಯ ಅರ್ಧ ಇಂಚಿನ ನಳದಲ್ಲಿ ಐದು ಸುತ್ತು ಕೂಡಿಕೊಂಡಿವೆಯೆಂದು ತಿಳಿದರೆ ಈ ಸುರುಳಿ ಓಣಿಯ ಉದ್ದ ಸುಮಾರು ಒಂದು ಅಡಿ. ಒತ್ತಡಕ್ಕೆ ಸಿಕ್ಕ ನೀರು ಆ ಒಂದು ಅಡಿಯ ದಾರಿಯನ್ನು ಬೇಸರವಿಲ್ಲದೆ ನಡೆದು ಹೊರಗೆ ತಲೆ ಹಾಕುತ್ತದೆ.

ಇದನ್ನು ಬಲ್ಲ ಹಿಂದಿನವರು ಎರಡು ಉಪಾಯಗಳನ್ನು ಮಾಡಿದರು. ಒಂದು, ತಿರುಪನ್ನು ನೇರವಾಗಿ ಕೊರೆಯದೆ ತುದಿಯ ಕಡೆಗೆ ಸಣ್ಣಗಾಗುವಂತೆ ಕೊರೆಯುವುದು. ಪ್ರತಿ 16 ಮಿಲಿಮೀಟರು ಉದ್ದಕ್ಕೆ ವ್ಯಾಸವು 1 ಮಿಲಿಮೀಟರು ಕುಗ್ಗಬೇಕು. ಹೀಗಾದರೆ ಕೊಳವೆ ಒಳಗೆ ಹೋದಂತೆಲ್ಲ ಬೆಣೆಯ ಹಾಗೆ ಬಿಗಿಯುತ್ತದೆ. ಎರಡನೆಯದು, ಉಳಿದ ಸಂದನ್ನು ಬೇರೊಂದು ಪದಾರ್ಥದಿಂದ ತುಂಬುವುದು. ಮೊದಲು ಸೆಣಬಿನ ನಾರಿಗೆ ಸಫೇದಾ ಬಳಿದು ಸುತ್ತುತ್ತಿದ್ದರು. ನಾರು ನೀರು ಕುಡಿದು ಉಬ್ಬಿ ಸಂದನ್ನು ಮುಚ್ಚುತ್ತಿತ್ತು. ಸಫೇದಾ ಅದನ್ನು ಹಿಡಿದಿಡುತ್ತಿತ್ತು. ಸಫೇದಾ ಸೀಸದ ಪದಾರ್ಥ; ಸೀಸವು ವಿಷ. ಆದುದರಿಂದ ಕುಡಿಯುವ ನೀರಿನ ಕೊಳವೆಗೆ ಅದು ಸಲ್ಲದು. 1938ರಲ್ಲಿ ಅಮೇರಿಕದ ರಾಯ್ ಪ್ಲಂಕೆಟ್ ಎಂಬ ರಸಾಯನಜ್ಞನಿಗೆ ಅಕಸ್ಮಾತ್ತಾಗಿ ದೊರೆತ ಟೆಫ್ಲಾನ್ ಎಂಬ ಜಾರು ವಸ್ತು ಮುಂದೆ ಬಿಳಿಯ ಪಟ್ಟಿಯ ರೂಪದಿಂದ ಮಿಸ್ತ್ರಿಗಳ ಚೀಲವನ್ನು ಸೇರಿತು. ಅದು ಸಂದನ್ನು ತುಂಬುವುದಲ್ಲದೆ ತಿರುಪು ಸಲೀಸಾಗಿ ತಿರುಗುವಂತೆಯೂ ಮಾಡುತ್ತದೆ.

ಕನ್ನಡ ವ್ಯಾಕರಣವನ್ನು ಓದಿದವರಿಗೆ ಇಲ್ಲಿ ಕೇಶಿರಾಜನ ನೆನಪಾದರೆ ಆಶ್ಚರ್ಯವಿಲ್ಲ. ಶಬ್ದಮಣಿದರ್ಪಣದ ಮೊದಲ ಪ್ರಕರಣವೇ ಸಂಧಿಪ್ರಕರಣ. ‘ಮನೆ’, ‘ಅಲ್ಲಿ’ ಎಂಬೆರಡು ಮಾತುಗಳು ತಾವಾಗಿ ಕೂಡಲಾರವು. ನಡುವೆ ಯಕಾರವೊಂದು ಬಂದು ನಿಂತಾಗ ‘ಮನೆಯಲ್ಲಿ’ ಎಂದಾಗುತ್ತದೆ. ಇದು ಆಗಮಸಂಧಿ. ನಾರೂ ಪಟ್ಟಿಯೂ ಮಾಡುವುದು ಈ ಯಕಾರದ ಕೆಲಸವನ್ನೇ. ಆಗಮವಿಲ್ಲದ ಕಡೆ ಲೋಪ. ಲೋಪಸಂಧಿಗೆ ಉದಾಹರಣೆ ಬೇಕೆ? ‘ನೀರು’ ಮತ್ತು ‘ಇಲ್ಲ’ ಕೂಡಿದರೆ ‘ನೀರಿಲ್ಲ’!

* * *

ಇಲ್ಲಿ ಒಂದು ಸಾಮಾನ್ಯವಾದ ಗೊಂದಲವನ್ನು ಬಿಡಿಸಿಕೊಳ್ಳುವುದು ಒಳ್ಳೆಯದು. ಅಂಗಡಿಯಲ್ಲಿ ‘ಅರ್ಧ ಇಂಚಿನ’ ನಳವೆಂದು ಕೊಂಡು ತಂದು ಅಳತೆಪಟ್ಟಿ ಹಿಡಿದರೆ ಅದರ ತಿರುಪಿನಲ್ಲಿ ಎಲ್ಲಿಯೂ ಅರ್ಧ ಇಂಚು ಕಾಣಿಸುವುದಿಲ್ಲ. ಆ ತಿರುಪಿನ ಹೊರವ್ಯಾಸ ಪ್ರಮಾಣದಂತೆ 20.955 ಮಿಲಿಮೀಟರು, ಎಂದರೆ ಇಂಚಿನ ಐದರಲ್ಲಿ ನಾಲ್ಕು ಪಾಲಿಗಿಂತ ಹೆಚ್ಚು. ಅರ್ಧ ಇಂಚು ಎಂಬುದು ಹಳೆಯ ಕಾಲದ ಕೊಳವೆಯ ಒಳಗಂಡಿಯ ಹೆಸರು. ವಸ್ತು ಬದಲಾದರೂ ಹೆಸರು ಉಳಿಯಿತು.

ತಿರುಪಿನ ಅಳತೆಗೆ ಮೊದಲು ಒಂದು ಶಾಸನವನ್ನು ಹಾಕಿಕೊಟ್ಟವನು ಇಂಗ್ಲೆಂಡಿನ ಜೋಸೆಫ್ ವಿಟ್ವರ್ಥ್. ಅದು 1841ರ ಸಂಗತಿ. ಅಲ್ಲಿಯವರೆಗೆ ಒಂದು ಕಾರ್ಖಾನೆಯ ತಿರುಪು ಮತ್ತೊಂದು ಕಾರ್ಖಾನೆಯದಕ್ಕೆ ಕೂಡುತ್ತಿರಲಿಲ್ಲ. ಗೆರೆಗಳ ಓರೆಯ ನಡುವಿನ ಕೋನವನ್ನು ಅವನು 55 ಅಂಶವೆಂದು ಗೊತ್ತುಮಾಡಿದನು. ನಮ್ಮ ದೇಶದ ನಳಗಳು ಇಂದಿಗೂ ಅದೇ ಮನೆತನಕ್ಕೆ ಸೇರಿದವು. ಅಮೇರಿಕದವರಾದರೋ 1886ರಲ್ಲಿ ತಮ್ಮದೇ ಬೇರೊಂದು ಪ್ರಮಾಣವನ್ನು ಒಪ್ಪಿಕೊಂಡರು. ಅದರ ಕೋನ 60 ಅಂಶ. ಅರ್ಧ ಇಂಚು ಮತ್ತು ಮುಕ್ಕಾಲು ಇಂಚಿನ ಅಳತೆಗಳಲ್ಲಿ ಎರಡು ಪದ್ಧತಿಗಳಿಗೂ ಇಂಚಿಗೆ 14 ಗೆರೆಗಳೇ. ಇದರಿಂದಾಗುವ ಮೋಸವನ್ನು ನೋಡಿರಿ: ಅಮೇರಿಕದ ಅಳತೆಯ ಯಂತ್ರಕ್ಕೆ ನಮ್ಮ ನಳವನ್ನು ಹಚ್ಚಿದರೆ ಮೊದಲ ಕೆಲವು ಸುತ್ತು ನೆಂಟನಂತೆ ಒಳಗೆ ಹೋಗುತ್ತದೆ, ಆದರೆ ಓರೆಗೆ ಓರೆ ಕೂಡುವುದಿಲ್ಲ. ಹೊರಗೆ ನೋಡಿದರೆ ಎಲ್ಲ ಸರಿ. ನೀರು ಬಿಟ್ಟ ಮೇಲೆ ಗುಣ ತಿಳಿಯುತ್ತದೆ.

ಭಾರತೀಯ ಪ್ರಮಾಣ ಸಂಸ್ಥೆಯು ಕೊಳವೆಯ ತಿರುಪುಗಳಿಗೆ ಎರಡು ಬೇರೆ ಬೇರೆ ಪ್ರಮಾಣಗಳನ್ನು ಮಾಡಿದೆ. ಮೊದಲನೆಯದು 554ನೆಯ ಸಂಖ್ಯೆಯದು. ತಿರುಪಿನಲ್ಲಿಯೇ ನೀರು ತಡೆಯಬೇಕಾದ ಸಂಧಿಗಳಿಗೆ ಅದು ಸಲ್ಲುತ್ತದೆ. ಎರಡನೆಯದು 2643ನೆಯದು; ತಿರುಪು ಹಿಡಿದರೆ ಸಾಕು, ನೀರು ತಡೆಯುವ ಕೆಲಸ ವಾಷರಿನದು ಎಂಬಂಥ ಸಂಧಿಗಳಿಗೆ. ಅಡಿಗೆಮನೆಯ ಕುಕ್ಕರು ಹೇಳಿದ್ದನ್ನೇ ಶಾಸ್ತ್ರವೂ ಹೇಳಿದೆ. ಎರಡನೆಯ ಬಗೆಯ ಸಂಧಿಗೆ ಹತ್ತು ಸುತ್ತು ಬಿಳಿಪಟ್ಟಿ ಸುತ್ತಿ ವಾಷರನ್ನು ಮರೆತರೆ ಫಲವಿಲ್ಲ. ಮೊದಲನೆಯದಕ್ಕೆ ಪಟ್ಟಿ ಸುತ್ತದೆ ಬರಿಯ ತೋಳ್ಬಲವನ್ನು ನಂಬಿದರೂ ಫಲವಿಲ್ಲ.

ತೋಳ್ಬಲದಿಂದ ಆಗುವ ಕೇಡಾದರೂ ಏನು? ಬೆಣೆಯನ್ನು ಬಡಿದಷ್ಟೂ ಕಟ್ಟಿಗೆ ಸೀಳುವಂತೆ, ಸಣ್ಣಗಾಗುತ್ತ ಹೋಗುವ ತಿರುಪನ್ನು ಬಿಗಿದಷ್ಟೂ ಅದು ಹೊರಗಿನ ಸಾಕೆಟ್ಟನ್ನು ಹಿಗ್ಗಿಸುತ್ತದೆ. ಟೆಫ್ಲಾನಿನ ಪಟ್ಟಿ ಜಾರುವುದರಿಂದ ಪಾನಾಕ್ಕೆ ತಡೆಯೇ ತಿಳಿಯದೆ ಹೆಚ್ಚು ಸುತ್ತು ಹೋಗಿಬಿಡುವುದುಂಟು. ಆಗ ಎರಕದ ಸಾಕೆಟ್ಟಿನಲ್ಲಿ ಕಣ್ಣಿಗೆ ಕಾಣದ ಬಿರುಕು ಹುಟ್ಟುತ್ತದೆ. ಸಾಕೆಟ್ಟು ಪ್ಲಾಸ್ಟಿಕ್ಕಿನದಾದರಂತೂ ಇಂದಲ್ಲ ನಾಳೆ ಸೀಳುವುದು ಖಂಡಿತ. ಅದಕ್ಕಾಗಿಯೇ ಒಳ್ಳೆಯ ಪ್ಲಾಸ್ಟಿಕ್ ಸಾಕೆಟ್ಟಿನ ಒಳಗೆ ಹಿತ್ತಾಳೆಯ ತಿರುಪನ್ನು ಕೂರಿಸಿರುತ್ತಾರೆ. ಕೈಯಿಂದ ಹೋಗುವಷ್ಟು ತಿರುವಿ, ಆಮೇಲೆ ಪಾನಾದಿಂದ ಒಂದೂವರೆ ಎರಡು ಸುತ್ತು ಬಿಗಿಯುವುದು ಸಣ್ಣ ಕೊಳವೆಗಳಿಗೆ ಸಾಮಾನ್ಯವಾಗಿ ಸಾಕಾಗುವ ಕ್ರಮ. ಎಲ್ಬೋ ಗೋಡೆಯ ಕಡೆಗೆ ತಿರುಗಲಿಲ್ಲವೆಂದು ಬಿಗಿದುದನ್ನು ಕಾಲು ಸುತ್ತು ಹಿಂದೆ ಸಡಿಲಿಸುವುದು ಮತ್ತೊಂದು ತಪ್ಪು. ಕುಳಿತ ತುಂಬುವಸ್ತು ಅದರಿಂದ ಹರಿಯುತ್ತದೆ. ಬಿಚ್ಚಿ ಹೊಸದಾಗಿ ಸುತ್ತುವುದೇ ಅದಕ್ಕೆ ಮದ್ದು.

ಇನ್ನೊಂದು ಸಂಗತಿಯುಂಟು. ಅರ್ಧ ಇಂಚಿನ ಸತುವಿನ ಲೇಪದ ಕಬ್ಬಿಣದ ಕೊಳವೆಯಲ್ಲಿ ಹಳದಿ ಪಟ್ಟೆಯದು ಹಗುರ, ನೀಲಿ ಪಟ್ಟೆಯದು ಮಧ್ಯಮ, ಕೆಂಪು ಪಟ್ಟೆಯದು ಭಾರದ್ದು. ಮಧ್ಯಮ ಕೊಳವೆಯ ಗೋಡೆಯ ದಪ್ಪ ಸುಮಾರು 2.6 ಮಿಲಿಮೀಟರು. ತಿರುಪಿನ ಗೆರೆಯ ಆಳ 1.16 ಮಿಲಿಮೀಟರು. ಎಂದರೆ ತಿರುಪು ಕೊರೆದ ಕಡೆ ಗೋಡೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ತುಕ್ಕಿನಿಂದ ಕಾಯುವ ಸತುವಿನ ಲೇಪವೂ ಅಲ್ಲಿ ಹೋಯಿತು. ಇಡೀ ಕೊಳವೆ ಕಾರ್ಖಾನೆಯಲ್ಲಿ ಚದರ ಸೆಂಟಿಮೀಟರಿಗೆ ಸುಮಾರು 50 ಕಿಲೋಗ್ರಾಮಿನ ಒತ್ತಡದ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಬಂದಿರುತ್ತದೆ. ಆದರೆ ಮೊದಲು ತುಕ್ಕು ಹಿಡಿಯುವುದು, ಮೊದಲು ಮುರಿಯುವುದು ಈ ತಿರುಪಿನ ಬುಡದಲ್ಲಿ. ಸಾಕೆಟ್ಟಿನ ಹೊರಗೆ ಉಳಿದ ಗೆರೆಗಳಿಗೆ ಬಣ್ಣ ಬಳಿಯುವ ಮಿಸ್ತ್ರಿ ಅಂದಕ್ಕಾಗಿ ಬಳಿಯುವುದಿಲ್ಲವೆಂಬುದನ್ನು ಮನೆಯವರು ತಿಳಿಯಬೇಕು.

* * *

ಈಗ ಮತ್ತೆ ಇಂಡಿಯ ತೋಟಕ್ಕೆ ಬರೋಣ. ಮನೆಯ ಮಾಳಿಗೆಯ ಮೇಲಿನ ತೊಟ್ಟಿ ನಳಕ್ಕಿಂತ ಆರು ಮೀಟರು ಎತ್ತರದಲ್ಲಿದ್ದರೆ ನಳದ ಸಂಧಿ ತಡೆಯಬೇಕಾದ ಒತ್ತಡ ಚದರ ಸೆಂಟಿಮೀಟರಿಗೆ ಬರಿಯ 0.6 ಕಿಲೋಗ್ರಾಮು. ಹತ್ತು ಮೀಟರು ನೀರಿನ ಕಂಬಕ್ಕೆ ಸುಮಾರು ಒಂದು ಕಿಲೋಗ್ರಾಮು ಎಂಬುದು ಲೆಕ್ಕದ ಸೂತ್ರ. ಕೊಳವೆಬಾವಿಯಲ್ಲಿ ಪಂಪು 200 ಮೀಟರು ಆಳದಲ್ಲಿದೆಯೆನ್ನಿರಿ. ಕಬ್ಬಿಣದ ಕೊಳವೆ ಒಂದೊಂದು ಆರು ಮೀಟರಿನದಾದರೆ ಮೇಲಿನಿಂದ ಕೆಳಗಿನವರೆಗೆ ಮೂವತ್ತಮೂರು ಮೂವತ್ತನಾಲ್ಕು ಸಂಧಿಗಳು. ಇವುಗಳಲ್ಲಿ ಒಂದು ಕೆಟ್ಟರೂ ಸಾಕು.

ಈ ಸಾಲು ಸಂಧಿಗಳ ಭಾಗ್ಯ ಒಂದೇ ತರಹದ್ದಲ್ಲ. ಎಲ್ಲಕ್ಕೂ ಮೇಲಿನ ಸಂಧಿಯು ಕೆಳಗಿನ ಕೊಳವೆಗಳ, ಅವುಗಳೊಳಗಿನ ನೀರಿನ, ಪಂಪಿನ ಭಾರವನ್ನೆಲ್ಲ ಹೊತ್ತು ತೂಗುತ್ತಿದೆ. ಎರಡು ಇಂಚಿನ ಮಧ್ಯಮ ಕೊಳವೆಯ ತೂಕ ಮೀಟರಿಗೆ ಐದು ಕಿಲೋಗ್ರಾಮಿನಷ್ಟು. 200 ಮೀಟರಿಗೆ ಸಾವಿರ ಕಿಲೋಗ್ರಾಮು. ಅದರೊಳಗಿನ ನೀರು ಇನ್ನು ನಾಲ್ಕುನೂರಕ್ಕೂ ಮೇಲೆ. ಆದರೆ ಆ ಮೇಲಿನ ಸಂಧಿಯೊಳಗೆ ನೀರಿನ ಒತ್ತಡ ಬಹಳ ಕಡಿಮೆ. ಕೆಳಗಿಳಿದಂತೆ ಭಾರ ಕಡಿಮೆಯಾಗುತ್ತದೆ, ಒತ್ತಡ ಏರುತ್ತದೆ. ಬಾವಿಯೊಳಗಿನ ನೀರಿನ ಮಟ್ಟವನ್ನು ಮುಟ್ಟುವವರೆಗೂ ಅದು ಏರುತ್ತಲೇ ಇರುತ್ತದೆ. ಅಲ್ಲಿಂದ ಕೆಳಗೆ ಹೊರಗಿನ ನೀರೂ ಒಳಮುಖವಾಗಿ ಒತ್ತುವುದರಿಂದ ವ್ಯತ್ಯಾಸ ಹೆಚ್ಚುವುದಿಲ್ಲ. ಆದುದರಿಂದ ಮೇಲಿನದು ಹಿಡಿಯುವುದರಲ್ಲಿ ಗಟ್ಟಿಯಾಗಿರಬೇಕು, ಕೆಳಗಿನದು ತಡೆಯುವುದರಲ್ಲಿ. ಹಿಡಿಯುವುದು ಬೇರೆ, ತಡೆಯುವುದು ಬೇರೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಸಿಕ್ಕಲಾರದು.

ಸಾಲದುದಕ್ಕೆ ಮೋಟರಿನ ಒದೆತವೊಂದುಂಟು. ಮೋಟರು ತಿರುಗಲು ತೊಡಗಿದ ಗಳಿಗೆಯಲ್ಲಿ ಅದರ ಮೈ ವಿರುದ್ಧ ದಿಕ್ಕಿಗೆ ಹೊರಳಲು ಹವಣಿಸುತ್ತದೆ; ಆ ಹೊರಳು ಕೊಳವೆಗಳ ಸಾಲನ್ನೆಲ್ಲ ಅಲುಗಿಸುತ್ತದೆ. ವಿದ್ಯುತ್ತು ಹೋಗಿ ಬಂದು ಮಾಡಿದಷ್ಟು ಸಲವೂ ಈ ಒದೆತ ತಪ್ಪದು. ಮೊದಲೇ ಬಿರುಕು ಬಿಟ್ಟ ಸಂಧಿ ಎಷ್ಟು ದಿನ ತಾಳೀತು? ಒಮ್ಮೆ ನೀರಿಗೆ ದಾರಿ ಸಿಕ್ಕಿತೆಂದರೆ ಅದು ಆ ದಾರಿಯನ್ನು ತಾನೇ ಅಗಲಿಸಿಕೊಳ್ಳುತ್ತದೆ. 200 ಮೀಟರಿನ ಒತ್ತಡದ ನೀರು ತಡೆಯಿಲ್ಲದ ರಂಧ್ರದಿಂದ ಚಿಮ್ಮಿದರೆ ಅದರ ವೇಗ ಸೆಕೆಂಡಿಗೆ 60 ಮೀಟರಿಗೂ ಮಿಕ್ಕುತ್ತದೆ. ನೀರಿನಲ್ಲಿ ಮರಳಿದ್ದರಂತೂ ಅದು ಅರದಂತೆ ಲೋಹವನ್ನು ತೇಯುತ್ತದೆ. ಒಂದೇ ಒಂದು ಮಿಲಿಮೀಟರು ರಂಧ್ರವಾದರೂ ಆ ಆಳದಲ್ಲಿ ಗಂಟೆಗೆ ನೂರು ಲೀಟರಿನಷ್ಟು ನೀರನ್ನು ಮರಳಿ ಬಾವಿಗೆ ಸುರಿಯಬಲ್ಲದು. ಒಂದು ರಂಧ್ರ ನಾಲ್ಕಾಗಿ, ಸೀಳಾಗಿ ಬೆಳೆದರೆ ಮೋಟರು ದಿನವೆಲ್ಲ ದುಡಿದರೂ ನೀರು ಬಾವಿಯಲ್ಲಿಯೇ ಪ್ರದಕ್ಷಿಣೆ ಮಾಡುತ್ತದೆ. ಬಾವಿ ಬತ್ತಿತೆಂದು ನಂಬಿದ ರೈತ ಪಕ್ಕದಲ್ಲಿಯೇ ಇನ್ನೊಂದು ಬೋರು ಕೊರೆಸುತ್ತಾನೆ, ಸಾಲ ಮಾಡುತ್ತಾನೆ. ಕೈಗೆ ನಿಲುಕುವ ಒಂದು ಸಾಕೆಟ್ಟಿನ ಕೆಡುಕು ಒಂದು ಮನೆಯನ್ನೇ ಋಣದಲ್ಲಿ ನಿಲ್ಲಿಸಿದಂತಾಯಿತು.

ಈ ತೊಡಕಿಗೆ ಯಂತ್ರವಿದ್ಯೆಯವರು ಕಂಡುಕೊಂಡ ಉಪಾಯವು ಕುಕ್ಕರಿನ ಉಪಾಯವೇ. ಈಗ ಕೊಳವೆಬಾವಿಗಳಿಗೆ ಇಳಿಸುವ ಗಟ್ಟಿ ಪ್ಲಾಸ್ಟಿಕ್ಕಿನ ಕಾಲಂ ಪೈಪುಗಳಲ್ಲಿ ತಿರುಪಿನ ಏಣು ಮೊನಚಲ್ಲ, ಚೌಕಾಕಾರದ್ದು. ಚೌಕದ ಏಣು ಭಾರವನ್ನು ನೇರವಾಗಿ ಹೊರುತ್ತದೆ; ಬೆಣೆಯಂತೆ ಸಾಕೆಟ್ಟನ್ನು ಹಿಗ್ಗಿಸುವುದಿಲ್ಲ. ನೀರನ್ನು ತಡೆಯುವ ಹೊಣೆ ಬೇರೊಂದು ರಬ್ಬರಿನ ಉಂಗುರದ್ದು. ಇಂಥ ದುಂಡು ಉಂಗುರಕ್ಕೆ ಅಮೇರಿಕದಲ್ಲಿ ಹಕ್ಕುಪತ್ರ ಪಡೆದವನು ಡೆನ್ಮಾರ್ಕ್ ಮೂಲದ ನೀಲ್ಸ್ ಕ್ರಿಸ್ಟೆನ್ಸನ್. ಅದು ದೊರೆತದ್ದು 1939ರಲ್ಲಿ. ಆ ಉಂಗುರದ ಗುಣವೊಂದು ವಿಚಿತ್ರವಾದುದು. ತಿರುಪಿನ ಸಂದಿನಲ್ಲಿ ಒತ್ತಡ ಏರಿದಷ್ಟೂ ಸೋರುವ ಭಯ ಏರುತ್ತದೆ. ಉಂಗುರವನ್ನಾದರೋ ಒತ್ತಡವೇ ತಳ್ಳಿ ಸಂದಿಗೆ ಇನ್ನಷ್ಟು ಅಂಟಿಸುತ್ತದೆ. ಶತ್ರುವಿನ ಬಲವನ್ನು ಶತ್ರುವಿಗೇ ತಿರುಗಿಸುವ ಜಾಣ್ಮೆಯದು.

ಹಾಗೆಂದು ಉಂಗುರವೇ ಸರ್ವರೋಗಕ್ಕೂ ಮದ್ದಲ್ಲ. ಅದು ಮೆತ್ತಗಿರುವವರೆಗೆ ಮಾತ್ರ ಕೆಲಸ ಮಾಡುತ್ತದೆ. 1986ರ ಜನವರಿ 28ರಂದು ಅಮೇರಿಕದ ಚಾಲೆಂಜರ್ ಎಂಬ ಗಗನನೌಕೆ ಏಳು ಜನರೊಡನೆ ಆಕಾಶದಲ್ಲಿ ನಾಶವಾದುದಕ್ಕೆ ಕಾರಣ, ಆ ದಿನದ ಚಳಿಗೆ ಇಂಥ ರಬ್ಬರಿನ ಉಂಗುರಗಳು ಬಿರುಸಾಗಿ ಸಂದನ್ನು ಮುಚ್ಚದೆ ಹೋದದ್ದು. ವಿಜಯಪುರ ಸೀಮೆಯಲ್ಲಿ ಚಳಿಯ ಭಯವಿಲ್ಲ. ಆದರೆ ಬಿಸಿಲೂ ವಯಸ್ಸೂ ರಬ್ಬರನ್ನು ಹಾಗೆಯೇ ಬಿರುಸು ಮಾಡುತ್ತವೆ. ಕೊಳವೆಯನ್ನು ಎತ್ತಿದಾಗಲೆಲ್ಲ ಉಂಗುರವನ್ನು ನೋಡುವುದು, ಬಿರುಸಾಗಿದ್ದರೆ ಬದಲಿಸುವುದು, ಮರಳಿನ ಕಣ ಅಂಟದಂತೆ ಒರೆಸುವುದು ಇವು ಸಣ್ಣ ಕೆಲಸಗಳು. ಸಣ್ಣವೆಂದು ಬಿಟ್ಟರೆ ದೊಡ್ಡವಾಗುತ್ತವೆ.

* * *

ಸಂಧಿಯನ್ನು ಗಟ್ಟಿ ಮಾಡುವುದು ಒಂದು ದಾರಿಯಾದರೆ, ಅದರ ಮೇಲಿನ ಹೊರೆಯನ್ನೇ ತಗ್ಗಿಸುವುದು ಮತ್ತೊಂದು. ಈ ಎರಡನೆಯ ದಾರಿಯನ್ನು ನೋಡಬೇಕಾದರೆ ಈ ತಾಲೂಕುಗಳವರು ದೂರ ಹೋಗಬೇಕಾಗಿಲ್ಲ. ಕೋರ್ಟು ಕಚೇರಿಯೆಂದು ವಿಜಯಪುರಕ್ಕೆ ಹೋದಾಗ ಒಮ್ಮೆ ತಲೆಯೆತ್ತಿ ನೋಡಿದರೆ ಸಾಕು. ಊರಿನ ಹಳೆಯ ಭಾಗಗಳಲ್ಲಿ ಕಲ್ಲುಗಾರೆಯ ಒಂಟಿ ಗೋಪುರಗಳು ನಿಂತಿವೆ. ಅವಕ್ಕೆ ಗಂಜ್ ಎಂದು ಹೆಸರು. ಮಹಮದ್ ಆದಿಲಶಾಹನ ಕಾಲದಲ್ಲಿ, 1651ರಲ್ಲಿ, ಕಟ್ಟಿಸಿದ ಬೇಗಂ ತಲಾಬ್ ಕೆರೆಯಿಂದ ನೆಲದಡಿಯ ಮಣ್ಣಿನ ಕೊಳವೆಗಳಲ್ಲಿ ನಗರಕ್ಕೆ ನೀರು ಬರುತ್ತಿತ್ತು. ಸುಟ್ಟ ಮಣ್ಣಿನ ಕೊಳವೆಗೆ ತಿರುಪು ಎಲ್ಲಿಂದ ಬಂದೀತು? ಒಂದಕ್ಕೊಂದು ಜೋಡಿಸಿ ಸುತ್ತಲೂ ಗಾರೆಯ ಕಟ್ಟಡದ ಕವಚ ಹೊದಿಸುತ್ತಿದ್ದರು. ಅಂಥ ಸಂಧಿ ಹೆಚ್ಚಿನ ಒತ್ತಡವನ್ನು ತಾಳಲಾರದು. ಅದನ್ನು ಅರಿತ ಆ ಶಿಲ್ಪಿಗಳು ದಾರಿಯ ನಡುನಡುವೆ ಗಂಜುಗಳನ್ನು ನಿಲ್ಲಿಸಿ, ನೀರು ಅವುಗಳೊಳಗೆ ಏರಿ ತನ್ನ ಒತ್ತಡವನ್ನು ಕಳೆದುಕೊಂಡು ಮುಂದೆ ಹೋಗುವಂತೆ ಮಾಡಿದರು. ಕೆಸರು ತಳದಲ್ಲಿ ಉಳಿಯುತ್ತಿತ್ತು, ತಿಳಿಯಾದ ನೀರು ಮುಂದೆ ಸಾಗುತ್ತಿತ್ತು. ಸಂಧಿಯ ಬಲವೆಷ್ಟೆಂದು ತಿಳಿದು ಅದಕ್ಕೆ ತಕ್ಕಷ್ಟೇ ಹೊರೆ ಹೊರಿಸಿದ ಆ ವಿವೇಕ ಇಂದಿನ ಎಂಜಿನಿಯರರಿಗೂ ಪಾಠ. ಹಲವು ಹಳ್ಳಿಗಳಿಗೆ ಒಟ್ಟಾಗಿ ನೀರು ಕೊಡುವ ಯೋಜನೆಗಳಲ್ಲಿ ಇಳಿಜಾರಿನ ನಡುವೆ ಒತ್ತಡ ಮುರಿಯುವ ತೊಟ್ಟಿಗಳನ್ನು ಕಟ್ಟುವುದು ಇದೇ ತತ್ತ್ವದ ಮೇಲೆ.

ಹೊರೆಯೆಂದರೆ ನೀರಿನ ಒತ್ತಡವೊಂದೇ ಅಲ್ಲ. ಈ ಸೀಮೆಯ ಎರೆಮಣ್ಣಿನ ಸ್ವಭಾವವನ್ನು ಬಲ್ಲವರಿಗೆ ಅದು ಗೊತ್ತು. ಬೇಸಿಗೆಯಲ್ಲಿ ಆ ನೆಲ ಕಾಲು ಸಿಕ್ಕಿಕೊಳ್ಳುವಷ್ಟು ಅಗಲವಾಗಿ ಬಾಯಿ ಬಿಡುತ್ತದೆ. ಮಳೆ ಬಿದ್ದರೆ ಉಬ್ಬಿ ಮೇಲೇಳುತ್ತದೆ. ಜೋಳಕ್ಕೆ ಅಮೃತವಾದ ಈ ಮಣ್ಣು ಅದರೊಳಗೆ ಹೂತ ಕೊಳವೆಗೆ ವರ್ಷಕ್ಕೊಮ್ಮೆ ಹಿಡಿದು ಜಗ್ಗಿ ಬಗ್ಗಿಸುವ ಪೈಲ್ವಾನ. ಬಗ್ಗದ ತಿರುಪಿನ ಸಂಧಿ ತನ್ನ ಬುಡದಲ್ಲಿ, ಗೋಡೆ ಅರ್ಧಕ್ಕಿಳಿದ ಆ ಜಾಗದಲ್ಲಿಯೇ, ಮುರಿಯುತ್ತದೆ. ಮೇಲೆ ಹಾಕಿದ ಕೊಳವೆಗಾದರೂ ಸುಖವಿಲ್ಲ. ನೂರು ಮೀಟರಿನ ಕಬ್ಬಿಣದ ಸಾಲು ಮೂವತ್ತು ಡಿಗ್ರಿ ಬಿಸಿಯೇರಿದರೆ ಮೂರೂವರೆ ಸೆಂಟಿಮೀಟರು ಬೆಳೆಯುತ್ತದೆ. ಪ್ಲಾಸ್ಟಿಕ್ಕಿನದು ಅದರ ಐದಾರು ಪಟ್ಟು. ಆದುದರಿಂದ ಹೊಲದ ಉದ್ದನೆಯ ಸಾಲಿಗೆ ಒಂದಿಷ್ಟು ಸರಿದಾಡಲು ಎಡೆಯಿರುವ ರಬ್ಬರ್ ಉಂಗುರದ ಸಂಧಿ ಒಳ್ಳೆಯದು. ತಿರುಪು ಪಂಪು, ಕವಾಟ, ಮೀಟರುಗಳಂಥ ಬಿಚ್ಚಿ ಹಾಕಬೇಕಾದ ಜಾಗಕ್ಕೆ ಒಳ್ಳೆಯದು. ಹೂಳುವಾಗ ಕೊಳವೆಯ ಸುತ್ತ ಎರೆಮಣ್ಣಿನ ಬದಲು ಮರಳನ್ನು ತುಂಬಿದರೆ ಮಣ್ಣಿನ ಕುಸ್ತಿ ಕೊಳವೆಯನ್ನು ಅಷ್ಟಾಗಿ ಮುಟ್ಟುವುದಿಲ್ಲ.

ಇದು ತೋಟದವರ ಮಾತಷ್ಟೇ ಎಂದು ಪಟ್ಟಣದ ಗೃಹಸ್ಥರು ತಿಳಿಯಬಾರದು. ಬಸವನ ಬಾಗೇವಾಡಿ ಸೀಮೆಯ ಆಲಮಟ್ಟಿಯಲ್ಲಿ 1964ರಲ್ಲಿ ಲಾಲ್ ಬಹಾದುರ್ ಶಾಸ್ತ್ರಿಗಳು ಅಡಿಗಲ್ಲು ಹಾಕಿದ ಅಣೆಕಟ್ಟು ಪೂರ್ಣವಾಗಲು ನಾಲ್ಕು ದಶಕಗಳು ಹಿಡಿದವು. ಹಳ್ಳಿಗಳು ಮುಳುಗಿದವು, ಮನೆಗಳು ಎದ್ದುಹೋದವು. ಅಷ್ಟು ಬೆಲೆ ತೆತ್ತು ನಿಲ್ಲಿಸಿದ ನೀರು ಅದು. 2019ರಲ್ಲಿ ಕೇಂದ್ರ ಸರಕಾರವು ಹಳ್ಳಿಯ ಪ್ರತಿ ಮನೆಗೂ ನಳ ಎಂಬ ಸಂಕಲ್ಪ ಮಾಡಿ, ತಲೆಗೆ ದಿನಕ್ಕೆ 55 ಲೀಟರು ನೀರೆಂದು ಗೊತ್ತುಮಾಡಿತು. ಸೆಕೆಂಡಿಗೊಂದು ಹನಿ ಬೀಳುವ ನಳ ದಿನಕ್ಕೆ ಸುಮಾರು ನಾಲ್ಕು ಲೀಟರು ಕಳೆಯುತ್ತದೆ. ಓಣಿಯಲ್ಲಿ ಅಂಥ ಹದಿನಾಲ್ಕು ನಳಗಳಿದ್ದರೆ ಒಬ್ಬ ಮನುಷ್ಯನ ದಿನದ ಪಾಲು ಚರಂಡಿಗೆ ಹೋಯಿತು. ನೆಲದಡಿಯ ಸಂಧಿಯ ಸೋರಿಕೆಗೆ ಇನ್ನೊಂದು ಭೀತಿಯುಂಟು: ದಿನಬಿಟ್ಟು ದಿನ ನೀರು ಬಿಡುವ ಊರಿನಲ್ಲಿ ಕೊಳವೆ ಬರಿದಾದಾಗ ಹೊರಗಿನ ಚರಂಡಿಯ ನೀರು ಅದೇ ಸಂದಿನಿಂದ ಒಳಗೆ ನುಸುಳುತ್ತದೆ. ಒಳಗಿನದು ಹೊರಗೆ ಹೋಗುವ ದಾರಿ ಹೊರಗಿನದು ಒಳಗೆ ಬರುವ ದಾರಿಯೂ ಹೌದು.

ಹೊಸ ಮನೆ ಕಟ್ಟಿಸುವವರು ಗೋಡೆಗೆ ಗಿಲಾವು ಮಾಡಿಸುವ ಮೊದಲು ಕೊಳವೆಗಳಿಗೆ ನೀರು ತುಂಬಿ, ಗಾಳಿಯನ್ನೆಲ್ಲ ಹೊರಗೆ ಬಿಟ್ಟು, ಕೈಪಂಪಿನಿಂದ ವಾಡಿಕೆಯ ಒತ್ತಡದ ಒಂದೂವರೆ ಪಟ್ಟು ಏರಿಸಿ, ಒತ್ತಡಮಾಪಕದ ಮುಳ್ಳು ಇಳಿಯುವುದೋ ಎಂದು ಕಾದು ನೋಡಬೇಕು. ನೀರಿನ ಬದಲು ಗಾಳಿ ತುಂಬಿ ನೋಡುವ ಸಾಹಸ ಕೂಡದು. ಹಿಸುಕಿದ ಗಾಳಿಯಲ್ಲಿ ಶಕ್ತಿ ಸ್ಪ್ರಿಂಗಿನಂತೆ ತುಂಬಿರುತ್ತದೆ; ಸಂಧಿ ಕಿತ್ತರೆ ಅದು ಗುಂಡಿನಂತೆ ಹಾರುತ್ತದೆ. ಹನಿ ನೀರಾವರಿಯ ತೋಟದವರು ಬಿಳಿಪಟ್ಟಿ ಸುತ್ತುವಾಗ ತುದಿಯ ಮೊದಲ ಗೆರೆಯನ್ನು ಬರಿದಾಗಿ ಬಿಡಬೇಕು. ಇಲ್ಲವಾದರೆ ಪಟ್ಟಿಯ ಚೂರು ಒಳಗೆ ಹರಿದು ಬಂದು ಹನಿಯ ಬಾಯಿಯನ್ನೇ ಮುಚ್ಚುತ್ತದೆ.

* * *

ಇಂಡಿಯ ತೋಟದಲ್ಲಿ ಅಂದು ಮಧ್ಯಾಹ್ನದ ಹೊತ್ತಿಗೆ ಮೂರು ಕಾಲಿನ ತೊಲೆ ನಿಂತಿತು. ಕೊಳವೆಗಳು ಒಂದೊಂದಾಗಿ ಮೇಲೆ ಬಂದವು. ಹತ್ತೊಂಬತ್ತನೆಯ ಸಾಕೆಟ್ಟಿನ ಮೈಮೇಲೆ ಉಗುರಿನುದ್ದದ ಸೀಳು. ಸೀಳಿನ ಅಂಚು ಅರ ಹಾಕಿದಂತೆ ನುಣುಪಾಗಿತ್ತು. ಪಾನಾ ಕಚ್ಚಿದ ಗಾಯದ ಗುರುತು ಅದರ ಸುತ್ತಲೂ ಆಳವಾಗಿ ಮೂಡಿತ್ತು. ಹೋದ ಸಲ ಇಬ್ಬರು ಆಳುಗಳು ಪಾನಾದ ಹಿಡಿಗೆ ಉದ್ದನೆಯ ಕೊಳವೆ ಸಿಕ್ಕಿಸಿ ಜೀಕಿದ್ದನ್ನು ಯಜಮಾನರು ನೆನೆದರು. ಹಾಗೆ ಜೀಕಲು ಹೇಳಿದವರೂ ಅವರೇ.

ಮಿಸ್ತ್ರಿ ಸೀಳಿದ ಸಾಕೆಟ್ಟನ್ನು ತೆಗೆದು ಬದಿಗಿಟ್ಟು, ತಿರುಪನ್ನು ಕುಂಚದಿಂದ ತಿಕ್ಕಿ, ಪಟ್ಟಿ ಸುತ್ತಿ, ಹೊಸ ಸಾಕೆಟ್ಟು ಹಚ್ಚಿದ. ಒಂದು ಹೋಗಿ ಇನ್ನೊಂದು ಬರುವುದಕ್ಕೆ ವ್ಯಾಕರಣದಲ್ಲಿ ಆದೇಶವೆನ್ನುವರು. ‘ಮಳೆ’ ‘ಕಾಲ’ ಕೂಡಿ ‘ಮಳೆಗಾಲ’ವಾಗುವುದು ಹಾಗೆ. ಮಳೆಗಾಲಕ್ಕೆ ಇನ್ನೂ ಎರಡು ತಿಂಗಳಿದ್ದವು.

“ಇನ್ನೊಂದು ಸುತ್ತು ಹಾಕೋದೇನು?” ಎಂದರು ಯಜಮಾನರು, ಅಭ್ಯಾಸಬಲದಿಂದ.

“ಸಾಕ್ರಿ ಗೌಡ್ರ,” ಎಂದು ಮಿಸ್ತ್ರಿ ಪಾನಾವನ್ನು ಕೆಳಗಿಟ್ಟ.

ಸಂಜೆ ಮೋಟರು ಚಾಲೂ ಆದಾಗ ನೀರು ಕಾಯಿಸಲಿಲ್ಲ. ಕೊಳವೆ ತುಂಬಿ ಬಂದು, ಹನಿಯ ಸಾಲುಗಳನ್ನು ಹಿಡಿದು, ತೋಟದ ಕೊನೆಯ ಗಿಡದ ಬುಡವನ್ನು ಒದ್ದೆ ಮಾಡಿತು.